ಬಾಗಿಲಲ್ಲಿ ನಿಂತ ಹಕ್ಕು

1928ರಲ್ಲಿ ಅಮೆರಿಕದ ನ್ಯಾಶ್‌ವಿಲ್ ಊರಿನಿಂದ ಸ್ವಿಟ್ಜರ್ಲೆಂಡಿಗೆ ಒಂದು ಪಾರ್ಸೆಲ್ ಹೊರಟಿತು. ಅದರ ಹೆಸರು ಮಾರಿಸ್ ಫ್ರಾಂಕ್, ವಯಸ್ಸು ಇಪ್ಪತ್ತು. ಚಿಕ್ಕವನಿದ್ದಾಗ ಒಂದು ಕಣ್ಣು, ಹದಿನಾರರಲ್ಲಿ ಬಾಕ್ಸಿಂಗ್ ಆಡುವಾಗ ಇನ್ನೊಂದು ಕಣ್ಣು ಕಳೆದುಕೊಂಡಿದ್ದ ಹುಡುಗ ಒಬ್ಬನೇ ಸಮುದ್ರ ದಾಟುವುದು ಹೇಗೆ? ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಅದಕ್ಕೊಂದು ದಾರಿ ಹುಡುಕಿತು. ಆತನನ್ನು ಸರಕಿನ ಲೆಕ್ಕಕ್ಕೆ ಹಚ್ಚಿಕೊಂಡು, ಸರಕಿನಂತೆಯೇ ಕೈಯಿಂದ ಕೈಗೆ ದಾಟಿಸುತ್ತ ಆಚೆ ದಡ ಮುಟ್ಟಿಸಿತು. ಯಾವಾಗ ಹೊರಗೆ ಬರಬೇಕು, ಯಾವಾಗ ಕೋಣೆ ಸೇರಬೇಕು ಎಂಬುದನ್ನೆಲ್ಲ ಬೇರೆಯವರೇ ತೀರ್ಮಾನಿಸಿದ ಪ್ರಯಾಣ ಅದು.

ಆತ ಹೊರಟಿದ್ದು ಡೊರೊತಿ ಯೂಸ್ಟಿಸ್ ಎಂಬ ಅಮೆರಿಕನ್ ಮಹಿಳೆಯ ನಾಯಿ ತಳಿಕೇಂದ್ರಕ್ಕೆ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ 1916ರಲ್ಲೇ ನಾಯಿಗಳಿಗೆ ದಾರಿ ತೋರುವ ತರಬೇತಿ ಶುರುವಾಗಿತ್ತು. ಅಂಥ ಶಾಲೆಯೊಂದನ್ನು ನೋಡಿ ಬಂದ ಯೂಸ್ಟಿಸ್ 1927ರಲ್ಲಿ ಒಂದು ಅಮೆರಿಕನ್ ವಾರಪತ್ರಿಕೆಗೆ ಲೇಖನ ಬರೆದರು. ಅದನ್ನು ಓದಿಸಿ ಕೇಳಿದ ಫ್ರಾಂಕ್ ಅವರಿಗೆ ಪತ್ರ ಹಾಕಿದ. ಅಲ್ಲಿ ಆತನ ಜೊತೆಯಾದ ಹೆಣ್ಣು ಜರ್ಮನ್ ಶೆಫರ್ಡ್‌ನ ಹೆಸರು ಕಿಸ್. ನಡುಬೀದಿಯಲ್ಲಿ ‘ಕಿಸ್, ಬಾ’ ಎಂದು ಕೂಗಲು ಯಾವ ಯುವಕನಿಗೆ ಧೈರ್ಯ ಬಂದೀತು! ಫ್ರಾಂಕ್ ಅವಳನ್ನು ಬಡ್ಡಿ ಎಂದು ಕರೆದ. 1928ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿಳಿದು, ಪತ್ರಿಕೆಯವರ ಕಣ್ಣೆದುರಿಗೇ, ವಾಹನಗಳು ನುಗ್ಗುತ್ತಿದ್ದ ಅಗಲವಾದ ವೆಸ್ಟ್ ಸ್ಟ್ರೀಟನ್ನು ಬಡ್ಡಿಯ ಜೊತೆ ದಾಟಿ ತೋರಿಸಿದ. ಮರುವರ್ಷ ಜನವರಿಯಲ್ಲಿ ಅಮೆರಿಕದ ಮೊದಲ ಗೈಡ್ ಡಾಗ್ ಶಾಲೆ ‘ದಿ ಸೀಯಿಂಗ್ ಐ’ ಹುಟ್ಟಿತು.

ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆದರೆ ಹೋಗುವಾಗ ಮನುಷ್ಯ ಸರಕಾಗಿದ್ದರೆ, ಬಂದ ಮೇಲೆ ನಾಯಿ ಸರಕಾಯಿತು. ರೈಲು ಕಂಪನಿಗಳ ಪ್ರಕಾರ ನಾಯಿಯ ಜಾಗ ಲಗೇಜ್ ಬೋಗಿ. ಯಜಮಾನ ಒಂದು ಬೋಗಿಯಲ್ಲಿ, ಆತನನ್ನು ನಡೆಸಬೇಕಾದ ನಾಯಿ ಇನ್ನೊಂದರಲ್ಲಿ. ಇಳಿಯುವ ಸ್ಟೇಷನ್ ಬಂದಾಗ ಆತ ಬಾಗಿಲು ಹುಡುಕುವುದು ಹೇಗೆಂಬ ಪ್ರಶ್ನೆ ನಿಯಮ ಬರೆದವರಿಗೆ ಹೊಳೆದಿರಲಿಲ್ಲ. ಫ್ರಾಂಕ್ ತನ್ನ ಉಳಿದ ಆಯುಷ್ಯದ ಬಹುಪಾಲನ್ನು ಇಂಥ ಬಾಗಿಲುಗಳ ಮುಂದೆ ವಾದ ಮಾಡುವುದರಲ್ಲೇ ಕಳೆದ. 1935ರ ಹೊತ್ತಿಗೆ ಅಮೆರಿಕದ ರೈಲು ಕಂಪನಿಗಳೆಲ್ಲ ನಾಯಿ ಯಜಮಾನನ ಕಾಲಬಳಿಯೇ ಇರಬಹುದೆಂದು ಒಪ್ಪಿದವು. 1956ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಸಾರ್ವಜನಿಕ ಸ್ಥಳಗಳಲ್ಲಿ ಈ ಜೋಡಿಗೆ ಪ್ರವೇಶ ಕೊಡುವ ಕಾನೂನು ಬಂತು. 1990ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ ಇಡೀ ದೇಶಕ್ಕೆ ಒಂದೇ ನಿಯಮ ಮಾಡಿತು.

ಇಷ್ಟೆಲ್ಲ ಆದಮೇಲೂ, 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆ ಉಬರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಅದರ ಆರೋಪಗಳಲ್ಲಿ ಒಂದು, ಗೈಡ್ ಡಾಗ್ ಜೊತೆಗಿರುವವರನ್ನು ಚಾಲಕರು ಹತ್ತಿಸಿಕೊಳ್ಳುತ್ತಿಲ್ಲ ಎಂಬುದು. ಸುಮಾರು ತೊಂಬತ್ತು ವರ್ಷಗಳ ಹಿಂದೆ ರೈಲಿನಲ್ಲಿ ಇತ್ಯರ್ಥವಾದ ವ್ಯಾಜ್ಯ ಕಾರಿನ ಬಾಗಿಲಲ್ಲಿ ಮತ್ತೆ ಎದ್ದು ನಿಂತದ್ದೇಕೆ? ಕಾನೂನು ಇದ್ದೂ ಹಕ್ಕು ಇಲ್ಲದಂತಾಗುವುದು ಎಲ್ಲಿ? ನನ್ನ ಉತ್ತರ ಇಷ್ಟೇ: ಹತ್ತಿಸಿಕೊಳ್ಳಬೇಕೋ ಬೇಡವೋ ಎಂಬ ತೀರ್ಮಾನ ಬಾಗಿಲ ಬಳಿ ಇರುವ ಮನುಷ್ಯನ ಕೈಯಲ್ಲಿ ಉಳಿದಿರುವವರೆಗೆ ಅದು ಹಕ್ಕಾಗುವುದಿಲ್ಲ, ಉಪಕಾರವಾಗಿಯೇ ಉಳಿಯುತ್ತದೆ. ಕೊಡುವವರು ಸಿಕ್ಕಿದ ದಿನ ಪ್ರಯಾಣ, ಸಿಗದ ದಿನ ಫುಟ್‌ಪಾತು.

ನಮ್ಮಲ್ಲಿ ಗೈಡ್ ಡಾಗ್‌ಗಳನ್ನು ಕಣ್ಣಾರೆ ಕಂಡವರು ಕಡಿಮೆ, ಸಿನಿಮಾದಲ್ಲಿ ಕಂಡವರೇ ಹೆಚ್ಚು. ಅದಕ್ಕೇ ಈ ಕೆಲಸದ ಸ್ವರೂಪವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಆಫೀಸಿಗೆ ನಡಿ’ ಎಂದರೆ ಕರೆದೊಯ್ಯುವ ಮಾಂತ್ರಿಕ ಪ್ರಾಣಿ ಇದಲ್ಲ. ದಾರಿ ಗೊತ್ತಿರಬೇಕಾದ್ದು ಮನುಷ್ಯನಿಗೆ. ಎಷ್ಟನೆಯ ತಿರುವು, ಯಾವ ಸ್ಟಾಪು ಎಂಬ ನಕ್ಷೆ ಆತನ ತಲೆಯಲ್ಲಿರುತ್ತದೆ. ಸಿಗ್ನಲ್ ದೀಪದ ಬಣ್ಣ ನಾಯಿ ಓದುವುದಿಲ್ಲ. ವಾಹನಗಳ ಸದ್ದು ಕೇಳಿ ದಾಟುವ ಹೊತ್ತನ್ನು ನಿರ್ಧರಿಸುವುದೂ ಮನುಷ್ಯನೇ. ನಾಯಿಯ ಪಾಲಿನ ಕೆಲಸ ಬೇರೆ: ಗುಂಡಿ, ಕಂಬ, ನಿಲ್ಲಿಸಿದ ಬೈಕು ತಪ್ಪಿಸಿ ನಡೆಸುವುದು, ಫುಟ್‌ಪಾತಿನ ಅಂಚಿನಲ್ಲಿ ನಿಲ್ಲುವುದು, ಬಿಳಿ ಕೋಲಿಗೆ ಸಿಗದ ತಲೆಮಟ್ಟದ ಕೊಂಬೆಯಿಂದ ಉಳಿಸುವುದು, ಬಸ್ಸಿನ ಬಾಗಿಲು ಹುಡುಕಿ ಕೊಡುವುದು, ಖಾಲಿ ಸೀಟಿನ ಬಳಿಗೆ ಕರೆದೊಯ್ಯುವುದು. ಬೆನ್ನಿಗೆ ಕಟ್ಟಿದ ಗಟ್ಟಿ ಹಿಡಿಕೆಯ ಮೂಲಕ ನಾಯಿಯ ಒಂದೊಂದು ಅಲುಗಾಟವೂ ಮನುಷ್ಯನ ಕೈಗೆ ತಿಳಿಯುತ್ತದೆ. ಎದುರಿಗೆ ಕಾರು ಬರುತ್ತಿದ್ದರೆ ‘ಮುಂದೆ ನಡಿ’ ಎಂದರೂ ಅದು ನಡೆಯುವುದಿಲ್ಲ. ಯಾವಾಗ ಮಾತು ಕೇಳಬಾರದು ಎಂಬುದನ್ನೂ ಅದಕ್ಕೆ ಕಲಿಸಿರುತ್ತಾರೆ, ಬಹುಶಃ ಇಡೀ ತರಬೇತಿಯ ಕಠಿಣ ಪಾಠ ಅದೇ. ಸೀಟು ಸಿಕ್ಕ ಮೇಲೆ ನಾಯಿ ಅದರ ಕೆಳಗೆ ಮುದುರಿ ಮಲಗುತ್ತದೆ. ಮರಿಯಾಗಿದ್ದಾಗಿನಿಂದ ಸುಮಾರು ಒಂದು ವರ್ಷ ಯಾವುದೋ ಸ್ವಯಂಸೇವಕರ ಮನೆಯಲ್ಲಿ ಬೆಳೆದು, ಬಸ್ಸು, ರೈಲು, ಅಂಗಡಿ, ಗದ್ದಲ ಎಲ್ಲಕ್ಕೂ ಒಗ್ಗಿಕೊಂಡು, ಆಮೇಲೆ ತಿಂಗಳುಗಟ್ಟಲೆ ತರಬೇತಿ ಪಡೆದ ನಾಯಿ ಇದು. ಸಾರ್ವಜನಿಕ ಸಾರಿಗೆಯಲ್ಲಿ ಹೇಗಿರಬೇಕೆಂದು ಇದಕ್ಕೆ ಗೊತ್ತಿರುವಷ್ಟು ನಮ್ಮಲ್ಲಿ ಅನೇಕ ಪ್ರಯಾಣಿಕರಿಗೆ ಗೊತ್ತಿಲ್ಲ.

ದೃಷ್ಟಿಯಿಲ್ಲದವರೆಲ್ಲರಿಗೂ ನಾಯಿ ಬೇಕೆಂದೇನೂ ಇಲ್ಲ. ಕೋಲೇ ಸಾಕು ಎನ್ನುವವರು ಬಹಳ ಮಂದಿ. ನಾಯಿಗೆ ಊಟ, ಸ್ನಾನ, ಔಷಧ, ಓಡಾಟ ಎಲ್ಲವೂ ಬೇಕು. ಕೋಲನ್ನು ಮೂಲೆಗೆ ಒರಗಿಸಿಟ್ಟರೆ ಮುಗಿಯಿತು. ಯಾವುದನ್ನು ಹಿಡಿಯಬೇಕೆಂಬುದು ಅವರವರ ಆಯ್ಕೆ. ಹಕ್ಕಿನ ಬುಡ ಇರುವುದು ಈ ಆಯ್ಕೆಯಲ್ಲಿ, ನಾಯಿಯ ದೊಡ್ಡತನದಲ್ಲಿ ಅಲ್ಲ. ಪತ್ರಿಕೆಗಳಿಗೆ ಸ್ವಾಮಿನಿಷ್ಠ ನಾಯಿಯ ಕಥೆ ಎಂದರೆ ಬಲು ಪ್ರೀತಿ. ನಮಗಂತೂ ಮಹಾಪ್ರಸ್ಥಾನದ ನಾಯಿ ಇದ್ದೇ ಇದೆ: ಇಂದ್ರನ ರಥ ಬಂದು ನಿಂತಾಗ ‘ನಾಯಿಗೆ ಇಲ್ಲಿ ಜಾಗವಿಲ್ಲ’ ಎಂಬ ಮಾತು ಕೇಳಿ ಧರ್ಮರಾಯ ಹತ್ತಲೊಲ್ಲೆ ಎಂದ. ಆದರೆ ಅದು ಧರ್ಮರಾಯನಿಗೆ ಒಡ್ಡಿದ ಪರೀಕ್ಷೆ; ಅವನು ಗೆದ್ದ, ಸ್ವರ್ಗ ಸಿಕ್ಕಿತು. ಬೆಳಿಗ್ಗೆ ಎಂಟೂವರೆಯ ಬಸ್ಸು ಹಿಡಿಯಬೇಕಾದವರನ್ನು ಯಾರೂ ಪರೀಕ್ಷೆಗೆ ಒಡ್ಡಬಾರದು. ಅವರು ಸಜ್ಜನರಾಗಿರಬೇಕಿಲ್ಲ, ಅವರ ನಾಯಿ ಮುದ್ದಾಗಿರಬೇಕಿಲ್ಲ. ಸಿಡುಕಿನ ಮನುಷ್ಯನಿಗೂ ಬಸ್ಸು ಹತ್ತುವ ಹಕ್ಕಿದೆ.

ಈ ವಿಷಯದಲ್ಲಿ ಕಾನೂನನ್ನು ಹೆಚ್ಚು ಜಾಣತನದಿಂದ ಕಟ್ಟಿದ್ದು ಬ್ರಿಟನ್ ಎಂದು ನನ್ನ ಎಣಿಕೆ. ಅಲ್ಲಿ ಮೊದಲ ನಾಲ್ಕು ಗೈಡ್ ಡಾಗ್‌ಗಳು ಕೆಲಸ ಶುರುಮಾಡಿದ್ದು 1931ರಲ್ಲಿ, ಲಿವರ್‌ಪೂಲ್ ಸಮೀಪದ ವಾಲಸಿಯಲ್ಲಿ. ಆದರೆ ಹಕ್ಕು ಕಾಗದಕ್ಕೆ ಬರಲು ಅಂಗವಿಕಲರ ತಾರತಮ್ಯ ವಿರೋಧಿ ಕಾಯ್ದೆಯಾದ 1995ರವರೆಗೆ ಕಾಯಬೇಕಾಯಿತು. ಅದರ ಟ್ಯಾಕ್ಸಿ ಭಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಾದದ್ದು 2001ರಲ್ಲಿ. ಫೋನು ಮಾಡಿ ಕರೆಸುವ ಬಾಡಿಗೆ ಕಾರುಗಳು ಆ ನಿಯಮದಿಂದ ನುಸುಳಿಕೊಂಡಿದ್ದವು. ಅವನ್ನು ಹಿಡಿಯಲು ಇನ್ನೊಂದು ಕಾಯ್ದೆ ಬೇಕಾಯಿತು, ಅದು 2004ರಲ್ಲಿ ಜಾರಿಗೆ ಬಂತು. ಈಗ ಎಲ್ಲವೂ 2010ರ ಸಮಾನತಾ ಕಾಯ್ದೆಯೊಳಗಿದೆ. ಚಾಲಕ ನಾಯಿಯನ್ನು ಹತ್ತಿಸಿಕೊಳ್ಳಬೇಕು, ಅದು ಯಜಮಾನನ ಪಕ್ಕದಲ್ಲೇ ಇರಲು ಬಿಡಬೇಕು, ಅದಕ್ಕಾಗಿ ಒಂದು ಪೆನ್ನಿಯನ್ನೂ ಹೆಚ್ಚಾಗಿ ಕೇಳುವಂತಿಲ್ಲ. ತಪ್ಪಿದರೆ 1,000 ಪೌಂಡ್‌ವರೆಗೆ ದಂಡ. ನಾಯಿ ಇದೆಯೆಂದು ಬುಕಿಂಗನ್ನೇ ನಿರಾಕರಿಸುವ ಕಂಪನಿಗೂ ಅದೇ ಶಿಕ್ಷೆ.

ನಾನು ಜಾಣತನ ಎಂದದ್ದು ಇದನ್ನಲ್ಲ. ದಂಡ ಎಲ್ಲ ಕಾನೂನಿನಲ್ಲೂ ಇರುತ್ತದೆ. ವಿನಾಯಿತಿಯನ್ನು ಇಟ್ಟ ಜಾಗ ನೋಡಿ. ಚಾಲಕನಿಗೆ ನಿಜಕ್ಕೂ ನಾಯಿಯ ಅಲರ್ಜಿಯೋ ಅಸ್ತಮಾವೋ ಇದ್ದರೆ ಆತ ಮೊದಲೇ ಪರವಾನಗಿ ಕೊಡುವ ಸ್ಥಳೀಯ ಸಂಸ್ಥೆಗೆ ಹೋಗಿ, ವೈದ್ಯಕೀಯ ದಾಖಲೆ ತೋರಿಸಿ, ವಿನಾಯಿತಿ ಪತ್ರ ಪಡೆದು, ಅದರ ಸೂಚನೆಯನ್ನು ಕಾರಿನಲ್ಲಿ ಕಾಣುವಂತೆ ಹಾಕಿಕೊಂಡಿರಬೇಕು. ಆ ಪತ್ರ ಇದ್ದರೆ ನಿರಾಕರಣೆ ತಪ್ಪಲ್ಲ, ಇಲ್ಲದಿದ್ದರೆ ಯಾವ ನೆಪವೂ ನಡೆಯದು. ಅಂದರೆ ವಾದ ರಸ್ತೆಯ ಬದಿಯಲ್ಲಿ, ಮಳೆಯಲ್ಲಿ, ದೃಷ್ಟಿಯಿಲ್ಲದ ಒಬ್ಬರ ಮುಂದೆ ನಡೆಯುವುದಿಲ್ಲ. ಅದು ತಿಂಗಳುಗಳ ಹಿಂದೆಯೇ ಒಂದು ಕಚೇರಿಯಲ್ಲಿ, ಕಾಗದಪತ್ರ ಇಟ್ಟುಕೊಂಡು ಮುಗಿದಿರುತ್ತದೆ. ಸಾಬೀತುಪಡಿಸುವ ಹೊರೆ ಚಾಲಕನ ಮೇಲೆ, ಅದೂ ಪ್ರಯಾಣಿಕ ಬರುವ ಮೊದಲೇ. ಎರಡೂ ಕಡೆಯವರ ದೇಹಕ್ಕೆ ಗೌರವ ಕೊಟ್ಟ ಏರ್ಪಾಡು ಇದು.

ಆದರೂ ಅಲ್ಲಿ ನಿರಾಕರಣೆ ನಿಂತಿಲ್ಲ. ನಾಯಿಯನ್ನು ಕಂಡ ಚಾಲಕ ಕಾರು ನಿಲ್ಲಿಸದೆ ಮುಂದೆ ಹೋಗುತ್ತಾನೆ. ದೂರು ಕೊಡಲು ಕಾರಿನ ನಂಬರು ಬೇಕು, ಅದನ್ನು ನೋಡಬೇಕಾದವರಿಗೆ ಕಣ್ಣಿಲ್ಲ! ಕಾರು ಬಂದಿತ್ತೆಂಬುದೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅಪರಾಧದ ಸಾಕ್ಷಿ ಅಪರಾಧಕ್ಕೆ ಗುರಿಯಾದವರಿಗೇ ಕಾಣದ ಇಂಥ ಪ್ರಕರಣ ಕಾನೂನಿನಲ್ಲಿ ವಿರಳ. ಸಾಕ್ಷಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಹತ್ತು ನಿಮಿಷದ ತಡ, ಒಂದಿಷ್ಟು ಅವಮಾನ, ಇನ್ನೊಂದು ಕಾರು ಸಿಕ್ಕಿತು. ಇಷ್ಟಕ್ಕೆ ಯಾರು ಕೋರ್ಟಿಗೆ ಅಲೆಯುತ್ತಾರೆ? ಒಂದೊಂದು ನಿರಾಕರಣೆಯೂ ದೂರು ಕೊಡಲಾರದಷ್ಟು ಚಿಕ್ಕದು. ಎಲ್ಲ ಕೂಡಿದರೆ ಮನುಷ್ಯ ಸಂದರ್ಶನಕ್ಕೆ ತಡವಾಗುತ್ತಾನೆ, ರಾತ್ರಿಯ ಊಟಕ್ಕೆ ಹೊರಗೆ ಹೋಗುವುದನ್ನು ಬಿಡುತ್ತಾನೆ, ಕೊನೆಗೆ ಮನೆಯಲ್ಲೇ ಇರುವುದು ವಾಸಿ ಎಂದುಕೊಳ್ಳುತ್ತಾನೆ. ಈ ಕೂಡಿಕೆಯನ್ನು ಲೆಕ್ಕ ಹಿಡಿಯುವ ಕೋಷ್ಟಕ ಯಾವ ಕಾನೂನಿನಲ್ಲೂ ಇಲ್ಲ.

ಆ್ಯಪ್ ಬಂದಾಗ ಈ ತೊಡಕು ಬಗೆಹರಿಯುತ್ತದೆಂದು ನಂಬಲು ಕಾರಣವಿತ್ತು. ಈಗ ಚಾಲಕನ ಹೆಸರಿದೆ, ನಂಬರಿದೆ, ಯಾವ ಗಳಿಗೆಯಲ್ಲಿ ಎಲ್ಲಿದ್ದ ಎಂಬುದೂ ಇದೆ. ಸಾಕ್ಷಿಗೆ ಬರವಿಲ್ಲ. ಆದರೆ ಹೊಣೆ ಹೊರುವವರಿಗೆ ಬರ ಬಂತು. ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ ಉಬರ್ ವಿರುದ್ಧ 2014ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಕೋರ್ಟಿಗೆ ಹೋಗಿತ್ತು. 2016ರಲ್ಲಿ ರಾಜಿಯಾಯಿತು: ಗೊತ್ತಿದ್ದೂ ನಿರಾಕರಿಸಿದ ಚಾಲಕನನ್ನು ತೆಗೆದುಹಾಕುತ್ತೇವೆ ಎಂದು ಕಂಪನಿ ಒಪ್ಪಿತು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯ ಒಬ್ಬ ಮಹಿಳೆ 14 ಸಲ ನಿರಾಕರಣೆಗೊಳಗಾದದ್ದನ್ನು ಮಧ್ಯಸ್ಥಗಾರರ ಮುಂದೆ ಇಟ್ಟು ಗೆದ್ದರು. ಪರಿಹಾರ, ವಕೀಲರ ಶುಲ್ಕ ಸೇರಿ 11 ಲಕ್ಷ ಡಾಲರ್ ಕೊಡಬೇಕೆಂದು ತೀರ್ಪಾಯಿತು. ಅಲ್ಲಿ ಕಂಪನಿಯ ವಾದ ಏನಿತ್ತು ಗೊತ್ತೆ? ಚಾಲಕರು ನಮ್ಮ ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು, ಅವರು ಮಾಡಿದ್ದಕ್ಕೆ ನಾವು ಹೊಣೆಯಲ್ಲ. ಮಧ್ಯಸ್ಥಗಾರರು ಒಪ್ಪಲಿಲ್ಲ. ದರ ನಿಗದಿ ಮಾಡುವಾಗ, ಕಮಿಷನ್ ಹಿಡಿಯುವಾಗ, ರೇಟಿಂಗ್ ನೋಡಿ ಚಾಲಕನನ್ನು ಹೊರಹಾಕುವಾಗ ಕಂಪನಿ ಯಜಮಾನ. ನಾಯಿ ಬಂದ ಕೂಡಲೇ ಬರೀ ದಲ್ಲಾಳಿ. ಈ ವೇಷಬದಲಾವಣೆಯನ್ನು ಒಪ್ಪಿಕೊಂಡರೆ ಸಾರಿಗೆಯ ಯಾವ ಹಕ್ಕೂ ಉಳಿಯುವುದಿಲ್ಲ. ಹಳೆಯ ರೈಲು ಕಂಪನಿಯಲ್ಲಿ ಕನಿಷ್ಠ ವಾದ ಮಾಡಲು ಒಬ್ಬ ಸ್ಟೇಷನ್ ಮಾಸ್ತರ ಇದ್ದ.

ಇನ್ನೊಂದು ಕಡೆಯ ಮಾತನ್ನೂ ಕೇಳಬೇಕು. ಟ್ಯಾಕ್ಸಿ ಚಾಲಕ ಯಾವ ದೇಶದಲ್ಲೂ ಸುಖವಾಗಿಲ್ಲ. ಸೀಟಿನ ಮೇಲಿನ ಕೂದಲು ಗುಡಿಸಲು ಅವನ ಸಮಯ ಹೋಗುತ್ತದೆ, ಮುಂದಿನ ಗಿರಾಕಿ ವಾಸನೆ ಎಂದರೆ ಅವನ ರೇಟಿಂಗ್ ಬೀಳುತ್ತದೆ. ಈ ನಷ್ಟವನ್ನು ಕಂಪನಿ ತುಂಬಿಕೊಡಲಿ ಎನ್ನುವುದು ನ್ಯಾಯ. ಆದರೆ ಅದನ್ನು ದೃಷ್ಟಿಯಿಲ್ಲದ ಪ್ರಯಾಣಿಕರ ತಲೆಗೆ ಕಟ್ಟುವಂತಿಲ್ಲ.

ಧರ್ಮದ ಪ್ರಶ್ನೆ ಇನ್ನೂ ಸೂಕ್ಷ್ಮ. ಇಸ್ಲಾಮಿನ ಹಲವು ಪಂಥಗಳಲ್ಲಿ ನಾಯಿಯ ಜೊಲ್ಲು ತಾಗಿದರೆ ಶುದ್ಧಿ ಕೆಡುತ್ತದೆಂಬ ನಂಬಿಕೆಯಿದೆ. ಮಾಲಿಕಿ ಪಂಥ ಹಾಗೆ ಎಣಿಸುವುದಿಲ್ಲ. ಲಂಡನ್ನಿನಲ್ಲೋ ಮಿನಿಯಾಪೊಲಿಸ್‌ನಲ್ಲೋ ಟ್ಯಾಕ್ಸಿ ಓಡಿಸುವವರಲ್ಲಿ ಮುಸ್ಲಿಂ ವಲಸಿಗರು ಬಹಳ. ಈ ಸಂಗತಿಯನ್ನು ಹಿಡಿದು ಇಡೀ ಸಮುದಾಯದ ಮೇಲೆ ಹಾಯುವವರೂ ಇದ್ದಾರೆ. ಅಂಥವರಿಗೆ ಅಂಧರ ಮೇಲಿನ ಕಾಳಜಿ ಅವತ್ತೊಂದು ದಿನ ಮಾತ್ರ ಉಕ್ಕುತ್ತದೆ. 2007ರಲ್ಲಿ ಮಿನಿಯಾಪೊಲಿಸ್–ಸೇಂಟ್ ಪಾಲ್ ವಿಮಾನ ನಿಲ್ದಾಣದ ಆಡಳಿತ, ಮದ್ಯದ ಬಾಟಲಿ ಅಥವಾ ನಾಯಿ ಜೊತೆಗಿರುವವರನ್ನು ಒಲ್ಲೆ ಎನ್ನುವ ಚಾಲಕರಿಗೆ ಮೊದಲ ಸಲ 30 ದಿನ ಅಮಾನತು, ಎರಡನೆಯ ಸಲ 2 ವರ್ಷ ಪರವಾನಗಿ ರದ್ದು ಎಂದು ನಿಯಮ ಬಿಗಿ ಮಾಡಿತು. ಇಲ್ಲಿ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿಗೆ ಕಟ್ಟಿದ್ದು ಸರಿಯಲ್ಲ ಎನ್ನಿಸುತ್ತದೆ: ಬಾಟಲಿಯನ್ನು ಡಿಕ್ಕಿಯಲ್ಲಿಡಬಹುದು, ಗೈಡ್ ಡಾಗನ್ನು ಇಡಲಾಗದು. ಹಾಗಿದ್ದೂ ನಾಯಿಯ ಮಟ್ಟಿಗೆ ನಿರ್ಧಾರ ಸರಿಯೇ. ಸಾರ್ವಜನಿಕರನ್ನು ಹೊತ್ತೊಯ್ಯುತ್ತೇನೆಂದು ಪರವಾನಗಿ ಪಡೆದವರು ಸಾರ್ವಜನಿಕರಲ್ಲಿ ಯಾರೆಂದು ಆರಿಸಿಕೊಳ್ಳುವಂತಿಲ್ಲ. ಮಡಿಯ ಹೆಸರಿನಲ್ಲಿ ಯಾರನ್ನು ಹತ್ತಿರ ಕೂರಿಸಬೇಕು, ಯಾರನ್ನು ಕೂಡದು ಎಂಬ ತೀರ್ಮಾನವನ್ನು ವ್ಯಕ್ತಿಗಳಿಗೆ ಬಿಟ್ಟರೆ ಏನಾಗುತ್ತದೆಂದು ಭಾರತೀಯರಿಗೆ ಯಾರೂ ಪಾಠ ಹೇಳಬೇಕಿಲ್ಲ. ಇನ್ನು ನಂಬಿಕೆ ತಾನೇ ದಾರಿ ಮಾಡಿಕೊಂಡದ್ದೂ ಉಂಟು. 2008ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನ ಒಂದು ಮಸೀದಿ, ದೃಷ್ಟಿಯಿಲ್ಲದ ಒಬ್ಬ ಹುಡುಗನ ಗೈಡ್ ಡಾಗ್‌ಗೆ ತನ್ನ ಆವರಣದೊಳಗೇ ಜಾಗ ಮಾಡಿಕೊಟ್ಟಿತು. ಮಸೀದಿಯ ಬಾಗಿಲಲ್ಲಿ ಆಗುವುದು ಕಾರಿನ ಬಾಗಿಲಲ್ಲಿ ಆಗದೇ?

ಹೆದರಿಕೆಯ ವಿಷಯ ಬೇರೆ. ನಾಯಿಗೆ ನಡುಗುವವರ ಹೆದರಿಕೆ ಸುಳ್ಳಲ್ಲ. ರೇಬಿಸ್ ಇನ್ನೂ ಜೀವ ತೆಗೆಯುತ್ತಿರುವ ನಮ್ಮಂಥ ದೇಶದಲ್ಲಿ ಅದನ್ನು ನಗೆಯಾಡುವುದು ಕ್ರೌರ್ಯ. ಆದರೆ ಹೆದರುವ ಪ್ರಯಾಣಿಕರು ಸೀಟು ಬದಲಿಸಬಹುದು, ಹಿಂದೆ ಹೋಗಬಹುದು. ನಾಯಿಯನ್ನು ಇಳಿಸಿದರೆ ಅದರ ಯಜಮಾನರಿಗೆ ಅಂಥ ಯಾವ ದಾರಿಯೂ ಇಲ್ಲ. ಯಾರಿಗೆ ಪರ್ಯಾಯ ಇದೆಯೋ ಅವರು ಸ್ವಲ್ಪ ಸರಿಯಬೇಕು ಎನ್ನುವುದಕ್ಕಿಂತ ದೊಡ್ಡ ತತ್ವವೇನೂ ಇಲ್ಲಿ ಬೇಕಾಗಿಲ್ಲ. ಅಮೆರಿಕದ ನಿಯಮ ಅಲರ್ಜಿಯನ್ನೂ ಹೆದರಿಕೆಯನ್ನೂ ನಿರಾಕರಣೆಗೆ ಕಾರಣವಾಗಿ ಒಪ್ಪದಿರುವುದು ಈ ಲೆಕ್ಕದಲ್ಲೇ.

ಹಕ್ಕಿಗೆ ನಿಜವಾದ ಪೆಟ್ಟು ಕೊಟ್ಟವರು ವಿರೋಧಿಗಳಲ್ಲ, ಸುಳ್ಳು ಹಕ್ಕುದಾರರು. ಅಮೆರಿಕದಲ್ಲಿ ‘ಭಾವನಾತ್ಮಕ ಆಸರೆಯ ಪ್ರಾಣಿ’ ಎಂಬ ಚೀಟಿ ತಂದು ಯಾರು ಯಾವುದನ್ನು ಬೇಕಾದರೂ ವಿಮಾನ ಹತ್ತಿಸಲು ನೋಡಿದ ಕಾಲವೊಂದಿತ್ತು. 2018ರ ಜನವರಿಯಲ್ಲಿ ನ್ಯೂಆರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ನವಿಲನ್ನು ತಂದರು. ವಿಮಾನ ಸಂಸ್ಥೆ ಒಪ್ಪಲಿಲ್ಲ, ಜಗತ್ತು ನಕ್ಕಿತು. ಆ ನಗೆಯ ಬೆಲೆ ತೆತ್ತವರು ಗೈಡ್ ಡಾಗ್ ಹಿಡಿದವರು. ತರಬೇತಿಯಿಲ್ಲದ ಮನೆನಾಯಿಗಳು ಇವರ ನಾಯಿಗಳ ಮೇಲೆ ಬೊಗಳಿ ಎರಗಿದವು, ಸಿಬ್ಬಂದಿ ಎಲ್ಲರನ್ನೂ ಅನುಮಾನದಿಂದ ನೋಡತೊಡಗಿದರು. 2020ರ ಡಿಸೆಂಬರಿನಲ್ಲಿ ಅಲ್ಲಿನ ಸಾರಿಗೆ ಇಲಾಖೆ, ವಿಮಾನದಲ್ಲಿ ಸೇವಾ ಪ್ರಾಣಿ ಎಂದರೆ ಅಂಗವೈಕಲ್ಯವುಳ್ಳವರಿಗಾಗಿ ತರಬೇತಾದ ನಾಯಿ ಮಾತ್ರ ಎಂದು ಗೆರೆ ಎಳೆಯಿತು. ನೆಲದ ಮೇಲೆ ಇಂದಿಗೂ ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಇದಕ್ಕೆ ಯಾವ ಕೆಲಸ ಕಲಿಸಿದೆ? ದಾಖಲೆ ಕೇಳುವಂತಿಲ್ಲ. ಬ್ರಿಟನ್ನಿನಲ್ಲಿ ಸಂಸ್ಥೆಗಳು ಗುರುತಿನ ಪುಸ್ತಿಕೆ ಕೊಡುತ್ತವೆ. ನಮ್ಮ ಮಟ್ಟಿಗೆ ನಾನು ಕಾರ್ಡಿಗೆ ವಿರೋಧಿ. ಕಾರ್ಡು ಇದ್ದಲ್ಲಿ ‘ಒರಿಜಿನಲ್ ತೋರಿಸಿ’, ‘ಅವಧಿ ಮುಗಿದಿದೆ’, ‘ಸೀಲು ಕಾಣುತ್ತಿಲ್ಲ’ ಎಂಬ ಇನ್ನೊಂದು ಬಾಗಿಲು ಹುಟ್ಟುತ್ತದೆ. ನಾಯಿ ಬೆನ್ನಿಗೆ ಹಿಡಿಕೆ ಕಟ್ಟಿಕೊಂಡು ಸುಮ್ಮನೆ ನಡೆಸುತ್ತಿದ್ದರೆ ಅದೇ ಅದರ ಕಾರ್ಡು.

ಈಗ ನಮ್ಮಲ್ಲಿಗೆ ಬರೋಣ. ‘ಗೈಡ್ ಡಾಗ್‌ಗಳೇ ಇಲ್ಲವೆನ್ನುವಷ್ಟು ಕಡಿಮೆಯಿರುವ ನಾಡಿನಲ್ಲಿ ಅವುಗಳ ಹಕ್ಕಿನ ಚರ್ಚೆ ಯಾಕೆ?’ ಎಂದು ಕೇಳಬಹುದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ನೋಟದ ವೈಕಲ್ಯವುಳ್ಳವರು 50 ಲಕ್ಷಕ್ಕೂ ಹೆಚ್ಚು. ಇವರಲ್ಲಿ ಬಹುತೇಕರಿಗೆ ನಾಯಿ ಒಂದು ಆಯ್ಕೆಯಾಗಿ ಎದುರಿಗೇ ಬಂದಿಲ್ಲ. ತರಬೇತಿ ಶಾಲೆಗಳು ಬೆಳೆದಿಲ್ಲ, ಖರ್ಚು ದೊಡ್ಡದು, ಫುಟ್‌ಪಾತು ಎಂಬುದು ಹೆಸರಿಗೆ ಮಾತ್ರ, ಬೀದಿನಾಯಿಗಳು ಹಗ್ಗ ಕಟ್ಟಿದ ಹೊಸ ನಾಯಿಯನ್ನು ತಮ್ಮ ಗಡಿಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಇದೆಲ್ಲ ನಿಜ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಗೈಡ್ ಡಾಗ್ ನೆಮ್ಮದಿಯಾಗಿ ಕೆಲಸ ಮಾಡುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಇಲ್ಲಿ ಒಂದು ಸುತ್ತು ಇದೆ. ನಾಯಿಯನ್ನು ಬಸ್ಸು ಹತ್ತಿಸುವುದಿಲ್ಲವಾದರೆ ಲಕ್ಷಗಟ್ಟಲೆ ಹಣ ಸುರಿದು ಯಾವ ಸಂಸ್ಥೆ ಅದನ್ನು ತರಬೇತು ಮಾಡುತ್ತದೆ? ಮರಿಯಾಗಿದ್ದಾಗಲೇ ಬಸ್ಸು, ರೈಲು ರೂಢಿ ಮಾಡಿಸದೆ ತರಬೇತಿಯೇ ಸಾಗದು. ಫ್ರಾಂಕ್ ಬಾಗಿಲು ತಟ್ಟಿದಾಗ ಅಮೆರಿಕದಲ್ಲೂ ಇದ್ದದ್ದು ಬೆರಳೆಣಿಕೆಯ ನಾಯಿಗಳೇ. ಬೀಜಿಂಗ್ ಮೆಟ್ರೊ 2015ರಲ್ಲಿ ಗೈಡ್ ಡಾಗ್‌ಗಳಿಗೆ ಬಾಗಿಲು ತೆರೆದಾಗ ಚೀನಾದಲ್ಲೂ ಅವು ತೀರ ವಿರಳವಾಗಿದ್ದವು. ನಿಯಮ ಮೊದಲು, ನಾಯಿ ಆಮೇಲೆ.

ನಿಯಮಕ್ಕೆ ಬೇಕಾದ ಬುನಾದಿ ನಮ್ಮಲ್ಲಿ ಇದ್ದೇ ಇದೆ. ಭಾರತ 2007ರಲ್ಲಿ ಅಂಗೀಕರಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 20ನೇ ವಿಧಿ, ಅಂಗವೈಕಲ್ಯವುಳ್ಳವರ ಓಡಾಟಕ್ಕೆ ಸಾಧನಗಳ ಜೊತೆಗೆ ಜೀವಂತ ನೆರವೂ ಸಿಗಬೇಕೆನ್ನುತ್ತದೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳ ಶೌಚಾಲಯ, ಟಿಕೆಟ್ ಕೌಂಟರುಗಳನ್ನೆಲ್ಲ ಹೆಸರಿಸುತ್ತದೆ, ನಾಯಿಯನ್ನು ಹೆಸರಿಸುವುದಿಲ್ಲ. ಅದೇ ಕಾಯ್ದೆಯ ‘ಸಮಂಜಸ ಹೊಂದಾಣಿಕೆ’ಯ ತತ್ವದೊಳಗೆ ಅದನ್ನು ಸೇರಿಸಿ ಓದಬಹುದು. ಆದರೆ ಓದಬೇಕಾದವರು ಯಾರು? ಹೊರಡಲು ಸಿಳ್ಳೆ ಹಾಕಬೇಕಾದ ಕಂಡಕ್ಟರ್ ಕಾಯ್ದೆ ವ್ಯಾಖ್ಯಾನ ಮಾಡುತ್ತ ನಿಲ್ಲಲಾರ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಬಹುಮಟ್ಟಿಗೆ ಇದನ್ನೇ. ಪ್ರವೇಶಾವಕಾಶದ ಮಾನದಂಡಗಳು ಬರೀ ಮಾರ್ಗಸೂಚಿಗಳಾಗಿದ್ದರೆ ಸಾಲದು, ಅವುಗಳಲ್ಲಿ ಕಡ್ಡಾಯವಾದ್ದನ್ನು ಬೇರ್ಪಡಿಸಿ ನಿಯಮ ಮಾಡಿ ಎಂದು ಅದು ಕೇಂದ್ರಕ್ಕೆ 3 ತಿಂಗಳ ಗಡುವು ಕೊಟ್ಟಿತು.

ನಿಯಮವಿಲ್ಲದ ಕಡೆ ಏನಿದೆ ನೋಡಿ. ರೈಲಿನಲ್ಲಿ ಸಾಕುನಾಯಿ ಜೊತೆಗಿರಬೇಕಾದರೆ ಮೊದಲ ದರ್ಜೆ ಎ.ಸಿ.ಯ ಇಡೀ ಕೂಪೆಯನ್ನೇ ಹಿಡಿಯಬೇಕು. ಇಲ್ಲವಾದರೆ ಬ್ರೇಕ್ ವ್ಯಾನಿನ ಪೆಟ್ಟಿಗೆ, ಅಂದರೆ ಫ್ರಾಂಕನ ಕಾಲದ ಅದೇ ಲಗೇಜ್ ಬೋಗಿ. ನಮ್ಮ ಮೆಟ್ರೊದಲ್ಲಿ ಸಾಕುಪ್ರಾಣಿ ಒಯ್ಯುವಂತಿಲ್ಲ. ಕೆಎಸ್‌ಆರ್‌ಟಿಸಿ ಕೆಲವು ವರ್ಷಗಳ ಹಿಂದೆ ನಾಯಿಗೆ ಪೂರ್ತಿ ಟಿಕೆಟ್ ಬದಲು ಅರ್ಧ ಟಿಕೆಟ್ ಸಾಕೆಂದು ಉದಾರವಾಯಿತು, ಅದೂ ಸಾಮಾನ್ಯ ಬಸ್ಸುಗಳಲ್ಲಿ. ಹವಾನಿಯಂತ್ರಿತ, ಐಷಾರಾಮಿ ಬಸ್ಸುಗಳಿಗೆ ನಾಯಿ ಹತ್ತುವಂತಿಲ್ಲ. ಅದೇ ನಿಗಮ ಅಂಧರಿಗೆ ಉಚಿತ ಪಾಸ್ ಕೊಡುತ್ತದೆ. ಎರಡು ಸುತ್ತೋಲೆಗಳನ್ನು ಒಟ್ಟಿಗೆ ಓದಿದರೆ ಮನುಷ್ಯ ಬಿಟ್ಟಿ, ಆತನನ್ನು ನಡೆಸುವ ಪ್ರಾಣಿಗೆ ಅರ್ಧ ಚಾರ್ಜು ಎಂದಾಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಮನೆಯ ಸಾಕುನಾಯಿಯನ್ನು ನೆನೆದು ಬರೆದ ನಿಯಮ ಅದು. ಆದರೆ ಗೈಡ್ ಡಾಗ್ ಎಂಬ ಮಾತಿಲ್ಲದ ನಿಯಮಗಳೆಲ್ಲ ಸೇರಿ ಅದನ್ನು ಸಾಕುನಾಯಿಯಾಗಿ ಮಾಡುತ್ತವೆ. 2025ರ ನವೆಂಬರಿನಲ್ಲಿ ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವು ಮಾಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲಂತೂ, ನಿಲ್ದಾಣದೊಳಗೆ ಕಂಡ ಯಾವ ನಾಯಿಯೂ ಕಾವಲುಗಾರರಿಗೆ ಹೊರಗಟ್ಟಬೇಕಾದ ನಾಯಿಯಾಗಿ ಕಾಣುವ ಸಂಭವ ಹೆಚ್ಚು. ಹಗ್ಗ ಹಿಡಿದವರು ಯಾರೆಂದು ನೋಡುವ ವ್ಯವಧಾನವನ್ನು ಆದೇಶದ ಜೊತೆಗೇ ಕಲಿಸಬೇಕಿತ್ತು.

ಹಾಗಾದರೆ ಏನು ಬರೆಯಬೇಕು? ಸಂಸತ್ತು ಹೊಸ ಕಾಯ್ದೆ ತರುವವರೆಗೆ ಕಾಯಬೇಕಿಲ್ಲ, ನಿಗಮದ ಒಂದು ಪುಟದ ಸುತ್ತೋಲೆಯೇ ಸಾಕು. ದೃಷ್ಟಿಯಿಲ್ಲದವರ ಜೊತೆಗೆ ಹಿಡಿಕೆ ಕಟ್ಟಿದ ನಾಯಿ ಎಲ್ಲ ದರ್ಜೆಯ ಬಸ್ಸಿನಲ್ಲೂ ಹತ್ತಬಹುದು, ಅದಕ್ಕೆ ಟಿಕೆಟ್ ಇಲ್ಲ. ತರಬೇತಿಯಲ್ಲಿರುವ ಮರಿಗೂ ಇದೇ ನಿಯಮ. ಅಲರ್ಜಿಯಿರುವ ಸಿಬ್ಬಂದಿ ಡಿಪೋದಲ್ಲಿ ಮೊದಲೇ ತಿಳಿಸಿರಬೇಕು, ಬಸ್ಸಿನ ಮೆಟ್ಟಿಲ ಮೇಲೆ ಹೇಳಿದರೆ ಕೇಳುವುದಿಲ್ಲ. ಬೇರೆ ಪ್ರಯಾಣಿಕರು ಆಕ್ಷೇಪಿಸಿದರೆ ಆಕ್ಷೇಪಿಸಿದವರಿಗೆ ಬೇರೆ ಸೀಟು. ನಿರಾಕರಣೆಯ ದೂರಿಗೆ ಬಸ್ಸಿನ ನಂಬರು ಬೇಡ. ಮಾರ್ಗ, ನಿಲ್ದಾಣ, ಸಮಯ ಹೇಳಿದರೆ ಬಸ್ಸು ಯಾವುದೆಂದು ಪತ್ತೆ ಹಚ್ಚುವುದು ನಿಗಮದ ಕೆಲಸ, ಜಿಪಿಎಸ್ ಇರುವುದು ಅದರ ಬಳಿ. ಕೊನೆಯ ಸಾಲು ಶಿಕ್ಷೆಯದು, ಅದನ್ನು ಬಿಡುವಂತಿಲ್ಲ. ಜಪಾನ್ 2002ರಲ್ಲೇ ಸಹಾಯಕ ನಾಯಿಗಳ ಕಾಯ್ದೆ ಮಾಡಿ ರೈಲು, ಬಸ್ಸು, ಟ್ಯಾಕ್ಸಿಗಳು ನಿರಾಕರಿಸಬಾರದೆಂದು ಬರೆಯಿತು, ಆದರೆ ನಿರಾಕರಿಸಿದವರಿಗೆ ಶಿಕ್ಷೆ ಇಡಲಿಲ್ಲ. ಅಷ್ಟೊಂದು ಶಿಸ್ತಿನ ಸಮಾಜದಲ್ಲೂ ಬಾಗಿಲಲ್ಲಿ ‘ಇಲ್ಲ’ ಎನ್ನುವುದು ನಿಂತಿಲ್ಲ. ನಮ್ಮ 2016ರ ಕಾಯ್ದೆಯ 89ನೇ ಸೆಕ್ಷನ್ ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಆಮೇಲಿನದಕ್ಕೆ 50,000ದಿಂದ 5 ಲಕ್ಷದವರೆಗೆ ದಂಡ ಹೇಳುತ್ತದೆ. ಸುತ್ತೋಲೆಯಲ್ಲಿ ಆ ಸೆಕ್ಷನ್ನಿನ ಸಂಖ್ಯೆಯನ್ನು ನಮೂದಿಸಿ, ದಂಡ ಕಂಡಕ್ಟರ ಸಂಬಳದಿಂದಲ್ಲ, ನಿಗಮದ ಖಾತೆಯಿಂದ ಎಂದು ಸ್ಪಷ್ಟಪಡಿಸಿದರೆ ಸಿಬ್ಬಂದಿಗೆ ತರಬೇತಿ ಕೊಡಲು ಹಣವೂ ಪುರುಸೊತ್ತೂ ನಿಗಮಕ್ಕೆ ತಾನಾಗಿ ಒದಗುತ್ತದೆ.